ರೈಫಲ್ ತರಬೇತಿಗೆ ಚೆಸ್ಟ್ ರಿಗ್: ಎಷ್ಟು ಮ್ಯಾಗಜೀನ್, ಎಲ್ಲಿ ಕೂರಬೇಕು?

ಹೊಸ_ಸ್ಲಿಂಗ್
ಎರಡು ದಿನದ ರೈಫಲ್ ತರಬೇತಿ. ತರಬೇಕಾದ ಸಾಮಾನಿನ ಪಟ್ಟಿಯಲ್ಲಿ "ಮೈಮೇಲೆ ಕನಿಷ್ಠ ನಾಲ್ಕು ಮ್ಯಾಗಜೀನ್ ಹೊರುವ ವ್ಯವಸ್ಥೆ" ಅಂತ ಒಂದೇ ಒಂದು ಸಾಲು. ರೈಫಲ್ 5.56 ಮಿಮೀ, ಮ್ಯಾಗಜೀನ್ (ರೈಫಲಿಗೆ ಸಿಕ್ಕಿಸೋ ಗುಂಡಿನ ಡಬ್ಬಿ) 30 ಗುಂಡಿನದು, ನಾನು ಬಲಗೈ. ನಿಂತು, ಮಂಡಿಯೂರಿ, ಮಲಗಿ, ಮೂರೂ ಭಂಗಿ ಇದೆ. ಚೆಸ್ಟ್ ರಿಗ್, ಅಂದ್ರೆ ಎದೆ ಮೇಲೆ ಕಟ್ಟೋ ಮ್ಯಾಗಜೀನ್ ಚೀಲ, ಹುಡುಕಿದರೆ ಮೂರು ಹಿಡಿಯೋ ರಿಗ್ಗೂ ಇದೆ, ಎಂಟು ಹಿಡಿಯೋದೂ ಇದೆ, ಬರೀ ಪಟ್ಟಿ ಹೊಲಿದು ಪೌಚ್ ನೀವೇ ಕಟ್ಕೊಳ್ಳಿ ಅನ್ನೋದೂ ಇದೆ. ಯಾವುದು? ತಗೊಂಡ ಮೇಲೆ ಎಷ್ಟು ಎತ್ತರಕ್ಕೆ ಕಟ್ಟಬೇಕು? ಇಲ್ಲಾ ರಿಗ್ ಬಿಟ್ಟು ಬೆಲ್ಟ್ ಪೌಚಲ್ಲೇ ಸುಧಾರಿಸಬಹುದಾ?

ಗುರಿಗಾರ
ಎಂಟರದ್ದು ಬೇಡ. ಎಂಟು ಜಾಗ ಇದ್ದರೆ ಎಂಟೂ ತುಂಬುತ್ತೀರಿ, ಮನುಷ್ಯನ ಸ್ವಭಾವ.

ಲೆಕ್ಕ ನೋಡಿ. 5.56 ಗುಂಡು ಒಂದಕ್ಕೆ ಸುಮಾರು 12 ಗ್ರಾಂ, 30ಕ್ಕೆ 360. ಖಾಲಿ ಮ್ಯಾಗಜೀನ್ 110ರಿಂದ 140 ಗ್ರಾಂ. ತುಂಬಿದ್ದು ಹತ್ತಿರ ಹತ್ತಿರ ಅರ್ಧ ಕೆಜಿ. ನಾಲ್ಕಕ್ಕೆ ಎರಡು ಕೆಜಿ, ಎಂಟಕ್ಕೆ ನಾಲ್ಕು. ಅದು ಬೆನ್ನ ಮೇಲಲ್ಲ, ಎದೆ ಮೇಲೆ ಮುಂದಕ್ಕೆ ಜಗ್ಗೋ ಭಾರ. ಬೆಳಗ್ಗೆ ಏನೂ ಅನ್ಸಲ್ಲ, ಮಧ್ಯಾಹ್ನದ ಹೊತ್ತಿಗೆ ಕತ್ತು ಹೇಳುತ್ತೆ.

ತೂಕಕ್ಕಿಂತ ದಪ್ಪ ದೊಡ್ಡ ಸಮಸ್ಯೆ. ಈ ಮ್ಯಾಗಜೀನಿನ ಅಗಲ ಸುಮಾರು 22 ಮಿಮೀ. ಒಂದೇ ಪದರದಲ್ಲಿ ಸಾಲಾಗಿ ಇಟ್ಟರೆ ಬಟ್ಟೆ ಸೇರಿ ಎದೆಯಿಂದ ಮೂರು ಸೆಂಮೀ ಮುಂದೆ ಬರುತ್ತೆ. ಎರಡು ಪದರ ಮಾಡಿದರೆ ಆರರ ಹತ್ತಿರ. ಮಲಗಿದಾಗ ಆ ಆರು ಸೆಂಮೀ ನಿಮ್ಮ ಎದೆಯನ್ನ ನೆಲದಿಂದ ಎತ್ತುತ್ತೆ, ಮೊಣಕೈ ಊರಲ್ಲ, ಗುರಿ ನೋಡೋ ಸೈಟ್ ಸಿಗೋಕೆ ಕತ್ತು ಹಿಂದಕ್ಕೆ ಮುರೀಬೇಕು. ಒಂದೇ ಪದರ, ನಾಲ್ಕು ಮ್ಯಾಗಜೀನ್. ಅಷ್ಟು ಸಾಕು.

ಬಿಸಿನಳಿಕೆ
ರಿಗ್ಗೇ ಯಾಕೆ? ಬೆಲ್ಟ್ ಮೇಲೆ ಎರಡು, ರೈಫಲಲ್ಲಿ ಒಂದು, ಮಿಕ್ಕಿದ್ದು ಚೀಲದಲ್ಲಿ. ನಿಂತು ಹೊಡೆಯುವಾಗ ಬೆಲ್ಟಿಂದ ಮ್ಯಾಗಜೀನ್ ಬದಲಿಸೋದು ಎದೆಯಿಂದ ಬದಲಿಸೋದಕ್ಕಿಂತ ಬೇಗ. ಟೈಮರ್ ಇಟ್ಟು ನೋಡಿ, ಗೊತ್ತಾಗುತ್ತೆ.

ಹಳೆಪಟ್ಟಿ
ನಿಂತಾಗ ಬೇಗ, ಒಪ್ಪಿದೆ. ಎಡಮಗ್ಗುಲಿಗೆ ಮಲಗಿ ಬೆಲ್ಟಿಂದ ತೆಗೀರಿ ನೋಡೋಣ. ವಾಹನದ ಸೀಟಲ್ಲಿ ಕೂತು ತೆಗೀರಿ. ಸೊಂಟಪಟ್ಟಿ ಇರೋ ಬೆನ್ನುಚೀಲ ಹಾಕ್ಕೊಂಡು ತೆಗೀರಿ. ಇವಕ್ಕೆಲ್ಲಾ ಪರಿಹಾರ ಅಂತಾನೇ ಎದೆಮೇಲಿನ ಚೀಲ ಬಂದದ್ದು.

ಇದೇನು ಹೊಸ ಫ್ಯಾಷನ್ ಅಲ್ಲ ಸ್ವಾಮಿ. ಚೀನಾದ ಟೈಪ್ 56 ಎದೆಚೀಲ ವಿಯೆಟ್ನಾಂ ಯುದ್ಧದ ಫೋಟೋಗಳಲ್ಲೇ ಕಾಣುತ್ತೆ. ಎಕೆ ಮಾದರಿಯದ್ದರಲ್ಲಿ ನಡುವೆ ಮೂರು ಮ್ಯಾಗಜೀನ್ ಜೇಬು, ಪಕ್ಕಕ್ಕೆ ಎರಡೆರಡು ಸಣ್ಣ ಜೇಬು. ಎಸ್‌ಕೆಎಸ್ ಅನ್ನೋ ಇನ್ನೊಂದು ರೈಫಲಿನ ಮಾದರಿಯದ್ದರಲ್ಲಿ ಸಾಲಾಗಿ ಹತ್ತು ಜೇಬು, ಒಂದೊಂದರಲ್ಲಿ ಹತ್ತು ಗುಂಡಿನ ಕ್ಲಿಪ್ ಎರಡು, ಒಟ್ಟು 200 ಗುಂಡು. ಕ್ಯಾನ್ವಾಸ್ ಬಟ್ಟೆ, ಬಕಲ್ ಬದಲು ಕಡ್ಡಿಗುಂಡಿ. ಆಮೇಲೆ ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೈನಿಕರು ಇಂಥದ್ದೇ ಹಾಕ್ಕೊಂಡರು, ಅದಕ್ಕೆ "ಲಿಫ್ಚಿಕ್" ಅಂತ ಹೆಸರಿಟ್ಟರು. ರಷ್ಯನ್ನಲ್ಲಿ ಹಾಗಂದ್ರೆ ಹೆಂಗಸರ ಬ್ರಾ.

ಬಿಸಿನಳಿಕೆ
ಹೆಸರು ಮಾತ್ರ ಸರಿಯಾಗಿ ಇಟ್ಟಿದಾರೆ 😄

ಮೂರನೇ_ಲೇನ್
ಬೆಲ್ಟಾ ರಿಗ್ಗಾ ಅಂತ ಕಿತ್ತಾಡೋದು ಯಾಕೆ, ಎರಡೂ ಇರಲಿ. ಬೆಲ್ಟಿನ ಎಡಗಡೆ ಒಂದೇ ಪೌಚ್. ಅವಸರದ ಬದಲಾವಣೆ ಅಲ್ಲಿಂದ. ಹೊಡೆತ ನಿಂತ ಮೇಲೆ ರಿಗ್ಗಿಂದ ಒಂದು ತೆಗೆದು ಬೆಲ್ಟಿಗೆ ತುಂಬಿ. ಬೆಲ್ಟ್ ಕೈಖರ್ಚು, ರಿಗ್ ಬ್ಯಾಂಕು.

@ಹೊಸ_ಸ್ಲಿಂಗ್, ಮೊದಲ ದಿನಕ್ಕೆ ಇದೂ ಬೇಡ. ರಿಗ್ ಒಂದೇ ಸಾಕು.

ದಾರದುಂಡೆ
ಎತ್ತರದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನು ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ರಿಗ್ಗಿನ ಕೆಳ ಅಂಚು ಹೊಕ್ಕುಳಿಗಿಂತ ಮೇಲಿರಬೇಕು. ಬಗ್ಗಿದಾಗ ತೊಡೆಗೆ ಹೊಡೀಬಾರದು, ಕೆಳಗೆ ಬೆಲ್ಟಿಗೆ ಜಾಗ ಸಿಗಬೇಕು. ಮ್ಯಾಗಜೀನ್ ತಲೆಕೆಳಗಾಗಿ ಕೂರುತ್ತೆ, ಹಾಗಾಗಿ ಮೇಲ್ಗಡೆ ಅದರ ತಳ ಎದೆಮೂಳೆಯ ಮಧ್ಯಭಾಗ ದಾಟಬಾರದು, ತಲೆ ತಗ್ಗಿಸಿದರೆ ಗಲ್ಲಕ್ಕೆ ತಾಗಬಾರದು. ಹೊಸಬರ ತಪ್ಪು ಯಾವಾಗಲೂ ಒಂದೇ: ಕೆಳಗೆ ಕಟ್ತಾರೆ. ಹೊಟ್ಟೆ ಮೇಲೆ ಜೋತಾಡುತ್ತೆ, ಓಡಿದರೆ ಚೆಂಡಿನ ಹಾಗೆ ಕುಣಿಯುತ್ತೆ.

ಮೊದಲು ಖಾಲಿ ರಿಗ್ ಹಾಕಿ, ಭುಜದ ಪಟ್ಟಿ ಎಳೆದು ಎತ್ತರ ಹೊಂದಿಸಿ. ಸೊಂಟದ ಪಟ್ಟಿ ಆಮೇಲೆ. ಅದನ್ನ ಬಿಗಿಯುವಾಗ ಎದೆ ತುಂಬಾ ಉಸಿರು ಎಳ್ಕೊಂಡಿರಿ, ಇಲ್ಲಾಂದ್ರೆ ಓಡಿ ಬಂದ ಮೇಲೆ ಉಸಿರಾಡೋಕೆ ಕಷ್ಟ. ಪಟ್ಟಿಯಡಿ ಎರಡು ಬೆರಳು ಹೋಗಬೇಕು. ಈಗ ನಾಲ್ಕೂ ಮ್ಯಾಗಜೀನ್ ತುಂಬಿ. ಭಾರಕ್ಕೆ ಎರಡು ಮೂರು ಸೆಂಮೀ ಇಳಿದೇ ಇಳಿಯುತ್ತೆ, ಮತ್ತೆ ಎಳೀರಿ. ಖಾಲಿ ರಿಗ್ಗಲ್ಲಿ ಅಳತೆ ಮಾಡಿ ಅಲ್ಲಿಗೇ ಬಿಟ್ಟರೆ ಅದು ಅಳತೆ ಅಲ್ಲ. ಕುಕ್ಕರುಗಾಲಲ್ಲಿ ಕೂತು, ಮಂಡಿಯೂರಿ, ಬೋರಲು ಮಲಗಿ, ಎದ್ದು ಐವತ್ತು ಹೆಜ್ಜೆ ಓಡಿ.

ಕೊನೇಗೆ, ಖಾಲಿ ಅಂತ ಪರೀಕ್ಷಿಸಿದ ರೈಫಲನ್ನ ಭುಜಕ್ಕೆ ಏರಿಸಿ. ಬಟ್ಟು (ಭುಜಕ್ಕೆ ಊರೋ ಹಿಂತುದಿ) ಭುಜದ ಪಟ್ಟಿಯ ಬಕಲ್ ಮೇಲೆ ಕೂತರೆ ಅದು ತಪ್ಪು ಜಾಗ. ಬಕಲ್ ಕೆಳಗಿಳಿಸಿ, ಇಲ್ಲಾ ಪಟ್ಟಿಯನ್ನ ಕತ್ತಿನ ಕಡೆ ಸರಿಸಿ. ಬಟ್ಟಿಗೂ ಭುಜಕ್ಕೂ ನಡುವೆ ಗಟ್ಟಿ ಪ್ಲಾಸ್ಟಿಕ್ ಇದ್ದರೆ ಪ್ರತಿ ಹೊಡೆತಕ್ಕೂ ಬಟ್ಟು ಜಾರುತ್ತೆ.

ನೀಲಿಕಾಗೆ
ಭುಜದ ಪಟ್ಟಿ ಬೆನ್ನಲ್ಲಿ X ಆಕಾರದ್ದಾ (ಎಕ್ಸ್ ಪಟ್ಟಿ), H ಆಕಾರದ್ದಾ (ಎಚ್ ಪಟ್ಟಿ)?

ದಾರದುಂಡೆ
ಹಗುರ ರಿಗ್ಗಿಗೆ ಎಕ್ಸ್. ಬೆನ್ನಲ್ಲಿ ಅಡ್ಡಡ್ಡ ಹೋಗುತ್ತೆ, ಭುಜದಿಂದ ಜಾರಲ್ಲ, ಮೇಲೆ ಬೆನ್ನುಚೀಲ ಹಾಕಿದರೂ ಚಪ್ಪಟೆ. ಭಾರ ಜಾಸ್ತಿ ಇದ್ದರೆ ಎಚ್, ಅಗಲ ಪಟ್ಟಿ, ಭಾರ ಹಂಚಿಕೆ ಚೆನ್ನ. ಎರಡರಲ್ಲೂ ಒಂದು ವಿಷಯ ನೋಡಿ: ಸೊಂಟದ ಪಟ್ಟಿಯ ಬಕಲ್ ಬೆನ್ನುಮೂಳೆ ಮೇಲೆ ಬರಬಾರದು. ಬೆನ್ನುಚೀಲ ಅದನ್ನ ಒಳಗೆ ಒತ್ತುತ್ತೆ. ಪಕ್ಕೆಗೆ ಸರಿಸಿ.

ಸೂಜಿಮಲ್ಲಿಗೆ
ಹೆಂಗಸರ ವಿಷಯ ಯಾರೂ ಎತ್ತಿಲ್ಲ, ನಾನೇ ಬರೀತೀನಿ. ಅಗಲವಾದ ಗಟ್ಟಿ ಹಲಗೆಯಂಥ ರಿಗ್ ಎದೆ ಮೇಲೆ ಕೂರಲ್ಲ, ಮೇಲಿನ ಅಂಚು ಮುಂದಕ್ಕೆ ಬಾಗಿ ಮ್ಯಾಗಜೀನಿನ ತಳ ಹೊರಗೆ ಮುಖ ಮಾಡುತ್ತೆ. ಎದೆಯ ಕೆಳಗೆ ಕೂರೋ ಕುಳ್ಳ ರಿಗ್, ಇಲ್ಲಾ ನಡುವೆ ಬಕಲ್ ಇದ್ದು ಎರಡು ಭಾಗ ಆಗೋ ರಿಗ್ ಹುಡುಕಿ. ದಾರದುಂಡೆ ಅವರ "ಹೊಕ್ಕುಳಿಗಿಂತ ಮೇಲೆ" ಅನ್ನೋದನ್ನ ಇಲ್ಲಿ ಸ್ವಲ್ಪ ಸಡಿಲ ಮಾಡ್ಬೇಕು. ಗಿಡ್ಡ ಮುಂಡದವರಿಗೆ ಅಷ್ಟು ಜಾಗವೇ ಇರಲ್ಲ. ಎಕ್ಸ್ ಪಟ್ಟಿ ಕತ್ತಿನ ಬುಡ ಕೊರೆದರೆ ಎಚ್‌ಗೆ ಬದಲಿಸಿ.

ಎರಡು ಭಾಗದ ರಿಗ್ಗಿಗೆ ಇನ್ನೊಂದು ಲಾಭ: ಮಲಗುವಾಗ ನಡುವಿನ ಬಕಲ್ ಬಿಚ್ಚಿದರೆ ಮ್ಯಾಗಜೀನುಗಳು ಪಕ್ಕಕ್ಕೆ ಸರಿದು ಎದೆ ನೇರ ನೆಲಕ್ಕೆ ಬರುತ್ತೆ. ಎಲ್ಲರಿಗೂ.

ದಾರದುಂಡೆ
ಸರಿಯಾದ ತಿದ್ದುಪಡಿ ಮೇಡಂ, ಒಪ್ಪಿದೆ.

ಎಡಗೈ_ಭಟ
ಮ್ಯಾಗಜೀನ್ ಯಾವ ಕಡೆ ಮುಖ ಮಾಡಿರಬೇಕು ಅನ್ನೋದು ಮುಖ್ಯ. ಬಾಯಿ ಕೆಳಗೆ, ತಳ ಮೇಲೆ, ಇದರಲ್ಲಿ ವಾದ ಇಲ್ಲ. ಮಳೆ, ಧೂಳು ಮ್ಯಾಗಜೀನಿನ ಬಾಯಿಗೆ ಬೀಳಲ್ಲ. ಬಲಗೈ ಶೂಟರಿಗೆ ಗುಂಡಿನ ಮೊನೆ ಬಲಕ್ಕೆ. ಎಡಗೈ ಎದೆ ಮೇಲೆ ಬಂದು ತಳ ಹಿಡಿದಾಗ ತೋರುಬೆರಳು ಮ್ಯಾಗಜೀನಿನ ಮುಂದಿನ ಅಂಚಿಗೆ ಬೀಳುತ್ತೆ. ಕೈ ತಿರುಗಿಸಿದರೆ ಬೆರಳು ತೋರಿಸಿದ ಕಡೆ ಮೊನೆ. ನಮ್ಮಂಥ ಎಡಗೈಯವರಿಗೆ ಇದೆಲ್ಲಾ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ.

ಗುರಿಗಾರ
ಕೆಲವರು ಮೊನೆ ಎಡಕ್ಕೆ ಇಟ್ಟು, ಲೋಟ ಹಿಡಿದ ಹಾಗೆ ಪೂರ್ತಿ ಮುಷ್ಟಿಯಲ್ಲಿ ಹಿಡೀತಾರೆ. ಬಾಗಿದ ಎಕೆ ಮ್ಯಾಗಜೀನಿಗೆ ಅದು ಕೆಟ್ಟದ್ದಲ್ಲ. ಬಲಕ್ಕೇ ಇರಬೇಕು ಅನ್ನೋ ಶಾಸ್ತ್ರ ಏನಿಲ್ಲ.

ಎಡಗೈ_ಭಟ
ಶಾಸ್ತ್ರ ಅಲ್ಲ, ಕತ್ತಲಲ್ಲಿ ಬೆರಳಿಗೆ ಸಿಗೋ ಗುರುತು. ಮುಷ್ಟಿಯಲ್ಲಿ ಹಿಡಿದರೆ ಮೊನೆ ಎತ್ತ ಅಂತ ಕೈಗೆ ಹೇಳೋರು ಯಾರು?

ಗುರಿಗಾರ
ನೂರು ಸಲ ಒಂದೇ ಥರ ಮಾಡಿದರೆ ಕೈಗೇ ಗೊತ್ತಾಗುತ್ತೆ. ಯಾವ ಕಡೆಗಾದರೂ ಇಡಿ, ನಾಲ್ಕೂ ಒಂದೇ ಕಡೆ ಇರಲಿ. ಮೂರು ಬಲಕ್ಕೆ ಒಂದು ಎಡಕ್ಕೆ ಇದ್ದರೆ, ಬೇಕಾದಾಗ ಕೈಗೆ ಬರೋದು ಆ ಒಂದೇ.

ಬಿಸಿನಳಿಕೆ
😂 ಅದು ನಿಜ

ಹೊಸ_ಸ್ಲಿಂಗ್
ಉಪಯೋಗ ಆಗ್ತಿದೆ, ಧನ್ಯವಾದ. ಪೌಚ್ ಒಳಗೆ ಮ್ಯಾಗಜೀನ್ ಹಿಡ್ಕೊಳ್ಳೋಕೆ ಎಲಾಸ್ಟಿಕ್, ಕೈಡೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್, ಮೇಲೆ ರಬ್ಬರ್ ದಾರ, ಮುಚ್ಚಳ ಅಂತ ನಾಲ್ಕು ಥರ ಇದೆಯಲ್ಲಾ. ಯಾವುದು?

ದಾರದುಂಡೆ
ಎಲಾಸ್ಟಿಕ್ ಹಗುರ, ಸದ್ದಿಲ್ಲ, ಬೇಗ ಬರುತ್ತೆ. ಆದರೆ ವಾರಗಟ್ಟಲೆ ಮ್ಯಾಗಜೀನ್ ಒಳಗೇ ಬಿಟ್ಟರೆ ಸಡಿಲ ಆಗುತ್ತೆ, ಮನೇಲಿ ತೆಗೆದಿಡಿ. ಕೈಡೆಕ್ಸ್ ಹಿಡಿತ ಸಮ, ಖಾಲಿಯಾದ ಮೇಲೂ ಬಾಯಿ ಮುಚ್ಚಿಕೊಳ್ಳಲ್ಲ, ವಾಪಸ್ ಹಾಕೋದು ಸುಲಭ. ಮರಳು ಸೇರಿದರೆ ಗೀರುತ್ತೆ, ಟಕ್ ಅಂತ ಸದ್ದು. ರಬ್ಬರ್ ದಾರ ಭದ್ರ, ಒಂದು ಚಲನೆ ಜಾಸ್ತಿ. ಮುಚ್ಚಳ ಎಲ್ಲಕ್ಕಿಂತ ಭದ್ರ, ಎಲ್ಲಕ್ಕಿಂತ ನಿಧಾನ.

ಕೋರ್ಸಿಗೆ ಎಲಾಸ್ಟಿಕ್ ಅಥವಾ ಕೈಡೆಕ್ಸ್.

ಬಿಸಿನಳಿಕೆ
ಮುಚ್ಚಳ ಇಲ್ಲದ ರಿಗ್ಗಲ್ಲಿ ಒಂದು ಸಲ ತೆವಳಿದರೆ ಮ್ಯಾಗಜೀನ್ ಹುಲ್ಲಲ್ಲಿ. ಆಮೇಲೆ ಹುಡುಕ್ತಾ ಇರಿ.

ದಾರದುಂಡೆ
ಹಿಡಿತ ಪರೀಕ್ಷಿಸದೆ ತೆವಳಿದರೆ ಬಿದ್ದೇ ಬೀಳುತ್ತೆ. ಗುಂಡಿಲ್ಲದ ಮ್ಯಾಗಜೀನಿನ ಪರೀಕ್ಷೆ ಪರೀಕ್ಷೆಯಲ್ಲ, ಡಮ್ಮಿ ಗುಂಡು ತುಂಬಿ ನಿಜವಾದ ಭಾರ ಬರಿಸಿ. ರಿಗ್ಗನ್ನ ತಲೆಕೆಳಗೆ ಹಿಡಿದು ಜೋರಾಗಿ ಹತ್ತು ಸಲ ಕೊಡವಿ. ಹಾಕ್ಕೊಂಡು ಹತ್ತು ಸಲ ಜಿಗೀರಿ. ಒಂದೂ ಬೀಳದಿದ್ದರೆ ಮುಚ್ಚಳ ಬೇಕಿಲ್ಲ. ಜಿಗಿಯುವಾಗ ಏನು ಗಲಗಲ ಅನ್ನುತ್ತೆ ಅಂತಲೂ ಕೇಳಿಸಿಕೊಳ್ಳಿ.

ಮೂರನೇ_ಲೇನ್
ಸುರಕ್ಷತೆ ಬಗ್ಗೆ ಇಷ್ಟೊತ್ತಾದರೂ ಒಂದು ಮಾತಿಲ್ಲ, ಆಶ್ಚರ್ಯ.

ಒಂದು. ಸ್ಲಿಂಗಲ್ಲಿ (ರೈಫಲ್ ನೇತುಹಾಕೋ ಪಟ್ಟಿ) ಇಳಿಬಿಟ್ಟ ರೈಫಲ್ ಸರಿಯಾಗಿ ರಿಗ್ಗಿನ ಮುಂದೆಯೇ ಉಜ್ಜುತ್ತಾ ನೇತಾಡುತ್ತೆ. ರಬ್ಬರ್ ದಾರದ ಕುಣಿಕೆ, ಜಿಪ್ಪಿನ ಬಾಲ, ಜಾಕೆಟ್ಟಿನ ಲಾಡಿ, ಕ್ಯಾರಬೈನರ್, ಇವುಗಳಲ್ಲಿ ಯಾವುದು ಬೇಕಾದರೂ ಟ್ರಿಗರ್ ಗಾರ್ಡ್ ಒಳಗೆ ನುಗ್ಗಬಹುದು. ಪೌಚಿನ ಅಂಚು ಸೇಫ್ಟಿ ಗುಬುಟನ್ನ ತಳ್ಳಬಹುದು. ಕೈ ಬಿಡೋ ಮುಂಚೆ ಸೇಫ್ಟಿ ಹಾಕಿ, ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡ್ಕೊಳ್ಳಿ. ರಿಗ್ಗಿನ ಮುಂಭಾಗದಲ್ಲಿ ಕಿರುಬೆರಳು ತೂರುವಷ್ಟು ದೊಡ್ಡ ಕುಣಿಕೆ ಒಂದೂ ಇರಬಾರದು. ಕತ್ತರಿಸಿ, ಟೇಪ್ ಸುತ್ತಿ, ಏನಾದರೂ ಮಾಡಿ.

ಎರಡು. ಮನೇಲಿ ಗುಂಡಿಲ್ಲದೆ ಅಭ್ಯಾಸ ಮಾಡುವಾಗ ರಿಗ್ಗಿನ ಎಲ್ಲಾ ಜೇಬೂ ಖಾಲಿ ಮಾಡಿ. ಎಲ್ಲಾ ಅಂದ್ರೆ ಪಕ್ಕದ ಸಣ್ಣ ಜೇಬು ಕೂಡ. ನಿಜವಾದ ಗುಂಡು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ. ಅಭ್ಯಾಸದ ಮ್ಯಾಗಜೀನಿನ ತಳಕ್ಕೆ ಗಾಢ ಬಣ್ಣದ ಟೇಪ್. ಟೇಪ್ ಇಲ್ಲದ್ದು ರಿಗ್ಗಲ್ಲಿ ಕಂಡರೆ ಅಭ್ಯಾಸ ಅಲ್ಲಿಗೇ ನಿಲ್ಲಿಸಿ, ಚೇಂಬರ್ (ರೈಫಲಲ್ಲಿ ಗುಂಡು ಕೂರೋ ಜಾಗ) ನೋಡಿ.

ಮೂರು. ಹೊಡೆದ ಗುಂಡಿನ ಬಿಸಿ ಖೋಕಾ ಕಾಲರಿಗೂ ರಿಗ್ಗಿಗೂ ನಡುವೆ ಸಿಕ್ಕೊಂಡು ಚರ್ಮ ಸುಡುತ್ತೆ. ಆಗ ಮನುಷ್ಯ ಕುಣಿಯುತ್ತಾನೆ, ನಳಿಕೆಯೂ ಕುಣಿಯುತ್ತೆ. ಮುಚ್ಚಿದ ಕಾಲರಿನ ಅಂಗಿ ಹಾಕಿ. ಸುಟ್ಟರೂ ಮೊದಲು ನಳಿಕೆ ಗುರಿಯ ಕಡೆ, ಬೆರಳು ಟ್ರಿಗರಿಂದ ಹೊರಗೆ, ಸೇಫ್ಟಿ. ಕುಣಿತ ಆಮೇಲೆ.

ಪಟ್ಟಿಕಟ್ಟು
ಮೂರನೇ_ಲೇನ್ ಮಾತಿಗೆ ಸೇರಿಸ್ತೀನಿ. ರಿಗ್ಗಲ್ಲಿ ಗುಂಡಿಗೆ ಜಾಗ ಇಲ್ಲದಿದ್ದರೂ ಪರವಾಗಿಲ್ಲ, ಟೂರ್ನಿಕೆಟ್ಟಿಗೆ (ರಕ್ತ ನಿಲ್ಲಿಸೋಕೆ ಕೈಕಾಲಿಗೆ ಬಿಗಿಯೋ ಪಟ್ಟಿ) ಜಾಗ ಬೇಕು. ಎಲ್ಲಿ? ಎಡಗೈಗೂ ಬಲಗೈಗೂ ಸಮನಾಗಿ ಸಿಗೋ ಕಡೆ, ಅಂದ್ರೆ ನಡುಮಧ್ಯೆ. ಬಲಪಕ್ಕೆಯ ಹಿಂದೆ ಕಟ್ಟಿದರೆ, ಬಲಗೈಗೆ ಪೆಟ್ಟಾದಾಗ ಎಡಗೈ ಅಲ್ಲಿಗೆ ಹೋಗಲ್ಲ. ಪ್ಲಾಸ್ಟಿಕ್ ಹೊದಿಕೆ ತೆಗೆದು, ತಯಾರಕರು ಹೇಳಿದ ಹಾಗೆ ಮಡಚಿ, ಒಂದೇ ಎಳೆತಕ್ಕೆ ಬರೋ ಹಾಗೆ ಎಲಾಸ್ಟಿಕ್ಕಲ್ಲಿ ಇಡಿ. ಹೊರಗೆ ಕಟ್ಟಿದ್ದು ಬಿಸಿಲಿಗೆ ಕೆಡುತ್ತೆ, ಆಗಾಗ ಪರೀಕ್ಷಿಸಿ, ಬಣ್ಣ ಮಾಸಿದ್ದರೆ ಬದಲಿಸಿ. ತರಬೇತಿಗೆ ಬಿಗಿದು ಬಿಗಿದು ಬಳಸಿದ್ದನ್ನ ರಿಗ್ಗಿಗೆ ಹಾಕಬೇಡಿ. ಅಭ್ಯಾಸಕ್ಕೆ ಬೇರೆ, ಪ್ರಾಣಕ್ಕೆ ಬೇರೆ.

ರಿಗ್ ತಗೊಳ್ಳುವಾಗ ಇನ್ನೊಂದು ನೋಡಿ: ಮಲಗಿದ ಮನುಷ್ಯನ ಮೈಯಿಂದ ಬೇರೆಯವರು ಅದನ್ನ ತೆಗೀಬಹುದಾ? ಮುಂದೆ ಅಥವಾ ಪಕ್ಕದಲ್ಲಿ ಒತ್ತಿ ಬಿಚ್ಚೋ ಬಕಲ್ ಇರಬೇಕು. ತಲೆ ಮೇಲಿಂದಲೇ ಎಳೀಬೇಕಾದ ರಿಗ್ ನನಗೆ ಇಷ್ಟ ಇಲ್ಲ.

ನೀಲಿಕಾಗೆ
ಪಟ್ಟಿ ಹೊಲಿದು ಪೌಚ್ ನೀವೇ ಕಟ್ಕೊಳ್ಳಿ ಅನ್ನೋ ರಿಗ್ಗಿಗೆ ಮಾಲಿ (MOLLE) ಅಂತಾರಲ್ಲಾ, ಅದೇನು? ತೋಟದ ಮಾಲಿನಾ?

ದಾರದುಂಡೆ
ತೋಟದವನಲ್ಲ ಮಾರಾಯ್ರೆ. ಅಡ್ಡಡ್ಡ ಹೊಲಿದ ನೈಲಾನ್ ಪಟ್ಟಿಗಳ ಜಾಲ. ಪಟ್ಟಿ ಒಂದು ಇಂಚು ಅಗಲ, ಎರಡು ಪಟ್ಟಿಗಳ ನಡುವೆ ಒಂದಿಂಚು ಖಾಲಿ, ಒಂದೂವರೆ ಇಂಚಿಗೊಂದು ಹೊಲಿಗೆ. ಪೌಚಿನ ಹಿಂದೆಯೂ ಅದೇ ಅಳತೆ. ಪೌಚಿನ ಬಾಲವನ್ನ ರಿಗ್ಗಿನ ಪಟ್ಟಿಯೊಳಗೆ ಒಮ್ಮೆ, ಪೌಚಿನ ಪಟ್ಟಿಯೊಳಗೆ ಒಮ್ಮೆ, ಹೀಗೆ ಚಾಪೆ ಹೆಣೆದ ಹಾಗೆ ಇಳಿಸ್ಕೊಂಡು ಹೋಗ್ಬೇಕು. ಬಹಳ ಜನ ರಿಗ್ಗಿನ ಪಟ್ಟಿಗೆ ಮಾತ್ರ ಸರಸರ ತೂರಿಸಿ ಬಿಡ್ತಾರೆ, ಪೌಚು ಬಾಗಿಲಿನ ಹಾಗೆ ತೂಗಾಡುತ್ತೆ, ಮ್ಯಾಗಜೀನ್ ಎಳೆದರೆ ಪೌಚೂ ಜೊತೆಗೇ ಎದ್ದು ಬರುತ್ತೆ. ಆಮೇಲೆ "ಈ ರಿಗ್ ಸರಿಯಿಲ್ಲ".

ಹೊಸ_ಸ್ಲಿಂಗ್
ಬಟ್ಟೆ 500ಡಿ, 1000ಡಿ ಅಂತ ಬರೆದಿರ್ತಾರೆ. 1000 ಇದ್ದರೆ ಒಳ್ಳೇದಾ?

ದಾರದುಂಡೆ
ಡಿ ಅಂದ್ರೆ ಡೆನಿಯರ್: 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಅಂತ. 1000 ದಪ್ಪ, ಉಜ್ಜಾಟ ತಡೆಯುತ್ತೆ. 500 ಹಗುರ, ಮೆತ್ತಗೆ, ಬೇಗ ಒಣಗುತ್ತೆ. ನಾಲ್ಕು ಮ್ಯಾಗಜೀನಿನ ರಿಗ್ಗಿಗೆ 500 ಧಾರಾಳ ಸಾಕು. ಹರಿಯೋದು ಬಟ್ಟೆಯಲ್ಲ, ಹೊಲಿಗೆ. ಭುಜದ ಪಟ್ಟಿ ರಿಗ್ಗಿಗೆ ಸೇರೋ ನಾಲ್ಕು ಜಾಗದಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದ ಗಟ್ಟಿ ಹೊಲಿಗೆ ಇದೆಯಾ ನೋಡಿ. ಅಲ್ಲಿ ಒಂದೇ ಸಾಲಿನ ಹೊಲಿಗೆ ಇದ್ದರೆ ವಾಪಸ್ ಇಡಿ. ಜೇಬಿನ ತಳದಲ್ಲಿ ನೀರು ಬಸಿಯೋ ತೂತೂ ಇರಲಿ. ನೈಲಾನ್ ಪಟ್ಟಿ ನೆನೆದರೆ ಸ್ವಲ್ಪ ಹಿಗ್ಗುತ್ತೆ, ಮಳೆಯಲ್ಲಿ ಮತ್ತೆ ಬಿಗೀರಿ.

ಹಳೆಪಟ್ಟಿ
ತೊಳೆಯೋದು: ತಣ್ಣೀರು, ಮೆತ್ತನೆ ಸೋಪು, ಬ್ರಷ್, ನೆರಳಲ್ಲಿ ನೇತುಹಾಕಿ. ಬ್ಲೀಚ್ ಬೇಡ, ಡ್ರೈಯರ್ ಬೇಡ. ವೆಲ್ಕ್ರೋ ಹಿಡೀತಿಲ್ಲ ಅಂದ್ರೆ ಹಳೇ ಬಾಚಣಿಗೆಯಲ್ಲಿ ಕಸ ತೆಗೀರಿ, ಅರ್ಧ ಕಾಯಿಲೆ ಅಲ್ಲಿಗೇ ವಾಸಿ.

ಬಿಸಿನಳಿಕೆ
ನಾಲ್ಕರಲ್ಲಿ ಮೊದಲು ಯಾವುದನ್ನ ತೆಗೀಬೇಕು? ಹತ್ತಿರದ್ದು ಅಂತೀನಿ ನಾನು.

ಮೂರನೇ_ಲೇನ್
ಉಲ್ಟಾ. ಸಮಯ ಇದ್ದಾಗ ದೂರದ್ದು, ಅಂದ್ರೆ ಬಲತುದಿಯದ್ದು. ಹತ್ತಿರದ್ದು ಅವಸರಕ್ಕೆ ಉಳಿದಿರಲಿ.

ಗುರಿಗಾರ
ಹೊಸಬರು ಲೆಕ್ಕ ಹಾಕ್ತಾ ನಿಂತರೆ ಅದೇ ನಿಧಾನ. ಒಂದು ಕ್ರಮ ಇಟ್ಟುಕೊಳ್ಳಿ, ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ. ಖಾಲಿಯಾದದ್ದು ಅದೇ ಜಾಗಕ್ಕೆ ಹೋಗಬಾರದು. ತುಂಬಿದ್ದು ಅಂತ ಕೈ ಹಾಕಿ ಖಾಲಿ ಎಳೆಯೋ ತಪ್ಪು ಇಲ್ಲಿಂದಲೇ ಶುರು. ಖಾಲಿಗೆ ಸೊಂಟದ ಹಿಂದೆ ಒಂದು ಬಾಯಿ ಅಗಲದ ಚೀಲ. ಅರ್ಧ ಖರ್ಚಾದದ್ದು ರಿಗ್ಗಿನ ಕೊನೇ ಜೇಬಿಗೆ.

ಮ್ಯಾಗಜೀನಿಗೆಲ್ಲಾ ಬಣ್ಣದಲ್ಲಿ 1, 2, 3, 4 ಬರೀರಿ. ಗುಂಡು ಸಿಕ್ಕಿಹಾಕೋದು ಪದೇಪದೇ 3ರಲ್ಲೇ ಆದರೆ ದೋಷ ರೈಫಲ್ದಲ್ಲ. ಅದನ್ನ ಅಭ್ಯಾಸದ ಟೇಪ್ ಗುಂಪಿಗೆ ಕಳಿಸಿ.

ಎಡಗೈ_ಭಟ
30 ತುಂಬ್ತೀರಾ 28ಆ?

ಗುರಿಗಾರ
28. ಪೂರ್ತಿ ತುಂಬಿದ ಮ್ಯಾಗಜೀನ್ ಮುಚ್ಚಿದ ಬೋಲ್ಟಿನ (ಗುಂಡನ್ನ ಚೇಂಬರಿಗೆ ತಳ್ಳೋ ಭಾಗ) ಕೆಳಗೆ ಕೂರೋಕೆ ತಕರಾರು ಮಾಡುತ್ತೆ. ಕೂತಿತು ಅಂದ್ಕೊಂಡು ಬಿಟ್ಟರೆ ಮೊದಲ ಹೊಡೆತಕ್ಕೇ ಕೆಳಗೆ. 28 ಆಗಲಿ 30 ಆಗಲಿ, ತಳ್ಳಿದ ಮೇಲೆ ಒಮ್ಮೆ ಕೆಳಗೆ ಜಗ್ಗಿ ನೋಡೋದು ಬಿಡಬೇಡಿ.

ಬಿಸಿನಳಿಕೆ
ತುಂಬಿಟ್ಟರೆ ಸ್ಪ್ರಿಂಗ್ ಹಾಳಾಗುತ್ತೆ, ಅದಕ್ಕೂ 28 ಒಳ್ಳೇದು.

ಹಳೆಪಟ್ಟಿ
ಆ ಮಾತು ಇನ್ನೂ ಸತ್ತಿಲ್ವಾ? ಒಳ್ಳೇ ಉಕ್ಕಿನ ಸ್ಪ್ರಿಂಗ್ ಸವೆಯೋದು ಮುಖ್ಯವಾಗಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು. ಒತ್ತಿ ಸುಮ್ಮನಿಟ್ಟರೆ ಅಷ್ಟೇನೂ ಆಗಲ್ಲ. ನೋಡ್ಬೇಕಾದ್ದು ಬಾಯಿಯ ತುಟಿ: ಬಿದ್ದು ಬಗ್ಗಿದೆಯಾ, ಬಿರುಕು ಬಿಟ್ಟಿದೆಯಾ.

ಮಾಡರೇಟರ್
ಸ್ಪ್ರಿಂಗ್ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ರಿಗ್ ಮಾತ್ರ.

ಸೂಜಿಮಲ್ಲಿಗೆ
ರಿಗ್ಗಿಗೇ ಬರ್ತೀನಿ. ಸ್ಲಿಂಗ್ ರಿಗ್ಗಿನ ಮೇಲೆ ಬರಬೇಕು, ಅಡಿಯಲ್ಲಿ ಅಲ್ಲ. ಮೊದಲು ರಿಗ್, ಅದರ ಮೇಲೆ ಬೆನ್ನುಚೀಲ, ಕೊನೇಗೆ ಸ್ಲಿಂಗ್. ಕ್ರಮ ತಪ್ಪಿದರೆ ರೈಫಲ್ ಮೈಯಿಂದ ಬಿಡಿಸೋಕೆ ಎಲ್ಲಾ ಬಿಚ್ಚಬೇಕು. ಮತ್ತೆ ಸ್ಲಿಂಗನ್ನ ರಿಗ್ ಹಾಕಿದ ಮೇಲೆ ಉದ್ದ ಮಾಡಿ. ಬರೀ ಅಂಗಿ ಮೇಲೆ ಹೊಂದಿಸಿದ್ದು ಈಗ ಗಿಡ್ಡ ಆಗಿರುತ್ತೆ, ಬಟ್ಟು ಭುಜಕ್ಕೆ ಬರೋ ಮುಂಚೆಯೇ ಎಳ್ಕೊಳ್ಳುತ್ತೆ.

ಹೊಸ_ಸ್ಲಿಂಗ್
ನಾಲ್ಕರ ರಿಗ್, ಒಂದೇ ಪದರ, ಎಕ್ಸ್ ಪಟ್ಟಿ, ಎಲಾಸ್ಟಿಕ್ ಹಿಡಿತದ್ದು ತಗೊಂಡೆ. ಡಮ್ಮಿ ಗುಂಡು ತುಂಬಿ ಕೊಡವಿದೆ, ಒಂದೂ ಬೀಳಲಿಲ್ಲ. ಬಿಗಿದ ಮೇಲೆ ಭುಜದ ಪಟ್ಟಿಯ ಬಾಲ ಎರಡೂ ಕಡೆ ಒಂದೊಂದು ಗೇಣು ಮಿಕ್ಕಿ ನೇತಾಡ್ತಿದೆ. ಮೂರನೇ_ಲೇನ್ ಹೇಳಿದ್ದು ಓದಿ ಕತ್ತರಿ ತಗೊಂಡು ಕೂತಿದೀನಿ. ಕತ್ತರಿಸಿ ತುದಿ ಸುಟ್ಟುಬಿಡಲಾ?

ದಾರದುಂಡೆ
ನಿಲ್ಲಿ ನಿಲ್ಲಿ. ದಪ್ಪ ಜಾಕೆಟ್ ಮೇಲೆ ಹಾಕೋ ದಿನ ಆ ಗೇಣು ಪಟ್ಟಿ ಬೇಕಾಗುತ್ತೆ. ಸುರುಳಿ ಸುತ್ತಿ ಎಲಾಸ್ಟಿಕ್ ಉಂಗುರದಲ್ಲಿ ಸಿಕ್ಕಿಸಿ, ಇಲ್ಲಾ ಟೇಪ್ ಹಾಕಿ.

ಮೂರನೇ_ಲೇನ್
ನಾನು ಕತ್ತರಿಸಿ ಅಂದದ್ದು ಕುಣಿಕೆಗೆ, ಬಾಲಕ್ಕಲ್ಲ!

ಹೊಸ_ಸ್ಲಿಂಗ್
ಕತ್ತರಿ ಒಳಗಿಟ್ಟೆ.